ಬಾಡಿಗೆ ಬೋರು

ನಾಕನೂರಾ ಹನ್ನೆರಡು ಫೂಟು ಇಳಿದು
ಬರೇ ಬೂದಿ ಉಗುಳಿದ ಬೋರು ನಮ್ದು.
ರಿಗ್ಗಿನವರು ರೊಕ್ಕ ಎಣಿಸಿಕೊಂಡು ಹೋದ ಮ್ಯಾಲ
ಬಾಯಿಗೆ ಒಂದು ಗೋಣಿಚೀಲ,
ಚೀಲದ ಮ್ಯಾಲ ಒಡದ ಬೀಸುಕಲ್ಲಿನ ಹೋಳು.
ಹನ್ನೊಂದು ವರ್ಷ ಹಂಗ ಇತ್ತು.
ಕಂಡಿಕಿ ಸುತ್ತೂ ಮುಂದ ನಾನು ಅದರ ಮ್ಯಾಲ
ಚಹಾದ ಕಪ್ಪು-ಬಸಿ ಇಡತಿದ್ದೆ.

ಬಣ್ಣದ ಕಾರಖಾನಿ ಮ್ಯಾನೇಜರ ಜಿಡ್ಡಿಮನಿ ಬಂದ.
"ಅಕ್ಕಾರ, ನಿಮ್ಮ ಸತ್ತ ಬೋರು ಬಾಡಿಗಿಗೆ ಕೊಡತೀರೇನು?"
ನಕ್ಕೆ. ಸತ್ತದ್ದಕ್ಕೂ ಬಾಡಿಗಿ ಐತೇನೋ ತಮ್ಮಾ!
"ತಿಂಗಳಾ ಮೂರು ಸಾವಿರ. ರಾತ್ರಿ ಅಷ್ಟ. ಪೈಪು ನಮ್ದು.
ಗಟಾರಕ್ಕ ಬಿಟ್ಟರ ಮಂದಿ ನೋಡತಾರ,
ಒಳಗ ಬಿಟ್ಟರ ಭೂಮಿತಾಯಿ ಎಲ್ಲಾ ಅರಗಿಸಿಕೊಂತಾಳ."
ಭೂಮಿತಾಯಿ ಹೆಸರು ಅಂವನ ಬಾಯಾಗ
ಕಿರಾಣಿ ಅಂಗಡಿ ಉದ್ರಿ ಪುಸ್ತಕದ ಹೆಸರಿನಂಗ ಬಂತು.

ಹೂಂ ಅಂದೆ.
ಮಗ್ಗದ ಕರೆಂಟ ಬಿಲ್ಲು ಕಟ್ಟೂದಿತ್ತು.
ಅದಕ್ಕ ಹೂಂ ಅಂದೆ ಅಂತ ಹೇಳೂದಿಲ್ಲ.
ಬಿಲ್ಲು ಕಟ್ಟಿದ ಮ್ಯಾಲೂ ಅಂದೆ,
ಎರಡನೇ ತಿಂಗಳು ಅಂದೆ, ಒಂಬತ್ತನೇ ತಿಂಗಳು
ಅಂವ ಕೇಳೂಕಿಂತ ಮೊದಲ ಕೈ ಚಾಚಿದೆ.

ಬನಹಟ್ಟಿಯೊಳಗ ರಾತ್ರಿ ಕರೆಂಟ ಹೋದಾಗ
ಮಗ್ಗ ಎಲ್ಲಾ ಒಮ್ಮೆಲೇ ನಾಲಗಿ ಕಚ್ಚಿಕೊಂತಾವು.
ಆವಾಗ ಕೇಳತಿತ್ತು:
ಗಳಗಳ, ಗಳಗಳ,
ದೂರದಿಂದ ನಡಕೊಂತ ಬಂದಾಂವ
ತಂಬಿಗಿ ಎತ್ತಿ ಕುಡದಂಗ.
ಕುಡೀತು. ಕುಡೀತು. ಒಮ್ಮೆಯೂ ತೇಗಲಿಲ್ಲ.
ಯಾರದೋ ಮದುವಿ ಸೀರಿಯ ಕೆಂಪು,
ಯಾರದೋ ಸೀಮಂತದ ಹಸರು,
ಕಾಸ್ಟಿಕ್ಕು, ಉಪ್ಪು, ಮೂಗಿಗೆ ಹತ್ತೂ ಆಸಿಡ್ಡು.
ಮುಂಜಾನೆ ಕಲ್ಲು ಸರಿಸಿಟ್ಟರ ಮುಗೀತು,
ಕಪ್ಪು-ಬಸಿ ಇಡಾಕ ಜಾಗಾ ಇದ್ದಲ್ಲೇ ಇತ್ತು.

ಹೊಳಿ ನೀರು ನಳಕ್ಕ ಎಂಟು ದಿನಕ್ಕೊಮ್ಮೆ.
ಉಳಿದ ಏಳು ದಿನ ಓಣಿ ನಿಂತದ್ದು
ಸಾವಂತ್ರೆವ್ವನ ಬೋರಿನ ಮ್ಯಾಲ. ನಮ್ಮಿಂದ ಮೂರು ಮನಿ ಆಚೆ.
ಮೊದಲು ಅಕಿ ಮನಿಯಾಗ ಬ್ಯಾಳಿ ಬೇಯೂದು ಬಿಟ್ಟಿತು.
ಆಮ್ಯಾಲ ಸಾಬಾಣ ನೊರೀ ಬಿಟ್ಟಿತು.
ಶ್ರಾವಣದಾಗ ಮೊಮ್ಮಗನ ಸಾಲಿ ಅಂಗಿ, ಬಿಳೀದು,
ಒಗದು ಹಾಕಿದರ ಗುಲಾಬಿ.
"ಏನ ಇದು ನೀಲವ್ವಾ,
ನಿನ್ನ ಹೊಸ ಸೀರಿ ಬಣ್ಣ ಬಿಟ್ಟೈತೇನ, ಅವತ್ತ ಕೂಡಿ ಒಗದಿದ್ದಿವಲ್ಲ?"
ಹೂಂ ಅಂದೆ. ಅಗ್ಗದ ಸೀರಿ, ಸುಡಲಿ ಅಂದೆ.

ಸರಕಾರದವರು ಬಾಟಲಿ ಕೊಟ್ಟು ಕಳಿಸಿದ ಹುಡುಗಿ,
ಆಸಿಯಾ ನದಾಫ ಅಂತ, ಮನಿ ಮನಿ ತಿರಗತಿದ್ದಳು.
ಪ್ರತಿ ಬಾಟಲಿಗೆ ಒಂದು ಚೀಟಿ, ಚೀಟಿಗೆ ಒಂದು ನಂಬರು.
"ಬೋರು ಐತ್ರಿ?"
"ಐತವ್ವಾ, ಸತ್ತೈತಿ."
'ಒಣ ಬೋರು, ನಮೂನೆ ಇಲ್ಲ' ಅಂತ ಬರಕೊಂಡಳು.
ಹೊಂಟಾಕಿ ನಿಂತಳು. ಬೀಸುಕಲ್ಲಿನ ಸುತ್ತ
ಕೆಂಪಗ ಒಂದು ಉಂಗುರ, ಒಳಗ ಹಳದಿ ಗೆರಿ.
"ಪೂಜಾ ಮಾಡತೀರೇನ್ರಿ ಇದಕ್ಕ?"

ಅಕಿ ಚ್ಯಾಷ್ಟಿ ಮಾಡಲಿಲ್ಲ, ಖರೇನ ಕೇಳಿದ್ದಳು.
ಕುಂಕುಮ ಅಂತ ತಿಳಿದು
ಚಪ್ಪಲಿ ಕಾಲು ಒಂದು ಹೆಜ್ಜಿ ಹಿಂದಕ್ಕ ತಗೊಂಡಳು.
ಹೂಂ ಅನ್ನಾಕ ಬಾಯಿ ತೆರದೆ,
ಗಂಟಲಾಗ ಗಳಗಳ ಅಂದಂಗಾತು.
ಏನೂ ಅನ್ನಲಿಲ್ಲ. ಅಕಿ ಹೋದಳು.

ಆ ರಾತ್ರಿ ಕಲ್ಲಿನ ಮ್ಯಾಲ ನಾನ ಕುಂತೆ.
ಪೈಪು ಹೆಗಲಿಗೆ ಸುತ್ತಿಕೊಂಡ ಹುಡುಗೂರು ಬಂದು
"ಏಳ್ರಿ ಅಕ್ಕಾರ" ಅಂದರು.
ಏಳಲಿಲ್ಲ.
ಮ್ಯಾನೇಜರಗ ಫೋನು ಹೋತು. ಅಂವ ಸಿಟ್ಟಾಗಲಿಲ್ಲ.
"ಇರಲಿ ಬಿಡ್ರಿ. ಹಿಂದಿನ ಓಣ್ಯಾಗ ಇನ್ನೂ ಏಳು ಸತ್ತಾವು."

ಪೈಪು ಎಳಕೊಂಡು ಹೋದ ಸಪ್ಪಳ
ಧೂಳಿನಾಗ ಭಾಳ ಹೊತ್ತು ಇತ್ತು.

ಮರುದಿನ ಸಾವಂತ್ರೆವ್ವನ ಬೋರಿನಿಂದ
ಒಂದು ಕೊಡ ತಂದು ಬ್ಯಾಳಿ ಇಟ್ಟೆ.
ಒಂದು ತಾಸು. ಎರಡು ತಾಸು.
ಹಲ್ಲಿಗೆ ಹಳ್ಳಿನಂಗ ಹತ್ತಿತು.
ಉಂಡೆ.